‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ಜ್ವರ ಬಂದು ಮಲಗಿದ ಹುಡುಗ ರಜೆ ಅರ್ಜಿ ಬರೆಯುತ್ತಾನೆ: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್’. ಅಪ್ಪ ಓದಿ ಸಹಿ ಹಾಕುತ್ತಾರೆ. ಎಷ್ಟೋ ಸಲ ಮೇಷ್ಟರೂ ತಿದ್ದುವುದಿಲ್ಲ. ಅದೇ ಹುಡುಗ ದೊಡ್ಡವನಾಗಿ ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್’ ಎಂದು ಬರೆಯುತ್ತಾನೆ. ಅಲ್ಲಿ ತಿದ್ದುವವರಿರುವುದಿಲ್ಲ. ಅರ್ಜಿ ಸದ್ದಿಲ್ಲದೆ ಪಕ್ಕಕ್ಕೆ ಸರಿದುಬಿಡಬಹುದು.

ಈ ತಪ್ಪಿಗೆ ದಡ್ಡತನ ಕಾರಣವಲ್ಲ, ಕನ್ನಡದ ‘ಇಂದ’ ಪ್ರತ್ಯಯ ಕಾರಣ. ‘ಸೋಮವಾರದಿಂದ ಜ್ವರ’ ಎನ್ನುವುದುಂಟು, ‘ಎರಡು ದಿನದಿಂದ ಜ್ವರ’ ಎನ್ನುವುದೂ ಉಂಟು. ಸೋಮವಾರ ಎಂಬುದು ಜ್ವರ ಶುರುವಾದ ದಿನ. ಎರಡು ದಿನ ಎಂಬುದು ಕಳೆದ ಕಾಲದ ಅಳತೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ಗಳಿಗೆಗೆ ‘ಸಿನ್ಸ್’, ಅಳತೆಗೆ ‘ಫಾರ್’.

ಪರೀಕ್ಷಿಸುವ ಉಪಾಯ ಕನ್ನಡದಲ್ಲೇ ಇದೆ. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಉತ್ತರವಾಗುವಂಥವು—ಸೋಮವಾರ, ಜೂನ್, 1995, ಇಂದು ಬೆಳಿಗ್ಗೆ, ಬಾಲ್ಯ—‘ಸಿನ್ಸ್’ ಜೊತೆಗೆ. ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾಗುವಂಥವು—ಎರಡು ದಿನ, ಮೂರು ವರ್ಷ, ಬಹಳ ಹೊತ್ತು—‘ಫಾರ್’ ಜೊತೆಗೆ.

ಇದೇ ವಾಕ್ಯಗಳಲ್ಲಿ ಇನ್ನೊಂದು ತಪ್ಪು ಅಡಗಿದೆ. ‘ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬಲ್ಲಿ ಕನ್ನಡಕ್ಕೆ ವರ್ತಮಾನಕಾಲ ಸಾಕು. ಹಿಂದೆ ಶುರುವಾಗಿ ಈಗಲೂ ನಡೆದಿರುವ ಸಂಗತಿಗೆ ಇಂಗ್ಲಿಷ್ ‘ಹ್ಯಾವ್’ ಅಥವಾ ‘ಹ್ಯಾಸ್’ ಬೇಡುತ್ತದೆ. ಆದ್ದರಿಂದ ಸರಿಯಾದ ರೂಪ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್’. ರಜೆ ಅರ್ಜಿಗೆ ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್’, ಇಲ್ಲವೇ ‘ಸಿನ್ಸ್ ಮಂಡೇ’.

‘ಸಿನ್ಸ್’ಗೆ ‘ಆದ್ದರಿಂದ’, ‘ಕಾರಣ’ ಎಂಬ ಅರ್ಥವೂ ಇದೆ. ‘ಸಿನ್ಸ್ ಇಟ್ ವಾಸ್ ರೇನಿಂಗ್, ವಿ ಸ್ಟೇಡ್ ಅಟ್ ಹೋಮ್’ ಎಂಬುದು ಶುದ್ಧ ವಾಕ್ಯವೇ. ಆದರೆ ‘ಸಿನ್ಸ್ ಹಿ ಲೆಫ್ಟ್ ದ ಜಾಬ್, ಹಿ ಹ್ಯಾಸ್ ಬೀನ್ ಅನ್‌ಹ್ಯಾಪಿ’ ಎಂದರೆ ಕೆಲಸ ಬಿಟ್ಟಾಗಿನಿಂದಲೋ, ಬಿಟ್ಟದ್ದರಿಂದಲೋ ತಿಳಿಯದು. ಕಾರಣವನ್ನೇ ಹೇಳಬೇಕಾಗಿದ್ದರೆ ‘ಬಿಕಾಸ್’ ಬಳಸುವುದು ಕ್ಷೇಮ.

ಇಂಗ್ಲಿಷ್ ಅಷ್ಟಾಗಿ ಬಾರದ ತಂದೆತಾಯಿಯರೂ ಮಕ್ಕಳಿಗೆ ಇದನ್ನು ಕಲಿಸಬಹುದು. ಮುಂದಿನ ರಜೆ ಅರ್ಜಿಗೆ ಸಹಿ ಹಾಕುವ ಮುನ್ನ ಕನ್ನಡದಲ್ಲೇ ಕೇಳಲಿ: ‘ಇದು ಯಾವಾಗಿನಿಂದ ಎಂಬುದಕ್ಕೆ ಉತ್ತರವೋ, ಎಷ್ಟು ಕಾಲದಿಂದ ಎಂಬುದಕ್ಕೋ?’ ಮಗುವೇ ತಿದ್ದಿಕೊಳ್ಳುತ್ತದೆ.