ಪರೇಲಿನ ಕಿಟಕಿ, ಬೀಳಗಿಯ ಮಾಳಿಗೆ

ಮಣ್ಣಿನ ಗೋಡೆಯ ಬಣ್ಣ ಯಾವುದು? ಕಂದು ಎಂದು ಹೇಳಿ ಮುಗಿಸುವವರು ಒಮ್ಮೆ ಅದನ್ನು ಬಿಡಿಸಿ ನೋಡಬೇಕು. ಬೆಳಿಗ್ಗೆ ಏಳಕ್ಕೆ ಅದು ಒಣಗಿದ ಜೋಳದ ತೆನೆಯ ಬಣ್ಣ. ಮಧ್ಯಾಹ್ನ ಹನ್ನೆರಡಕ್ಕೆ ಬಣ್ಣವೇ ಇಲ್ಲ, ಬರೀ ಬೆಳಕು. ಸಂಜೆ ಐದಕ್ಕೆ ಬಿಸಿಲು ಬಿದ್ದ ಕಡೆ ಕಾವಿ, ನೆರಳಿನ ಕಡೆ ತೆಳು ನೇರಳೆ. ಗೋಡೆಯ ಬುಡದಲ್ಲಿ ಮಾತ್ರ ಅಂಗಳದ ಮಣ್ಣಿನಿಂದ ಪುಟಿದು ಬಂದ ಕೆಂಪು. ಆರು ವರ್ಷಗಳಿಂದ ಭಾನುವಾರದ ಬೆಳಗುಗಳನ್ನು ನಾನು ಈ ಒಂದು ಪ್ರಶ್ನೆಗೆ ಕೊಟ್ಟಿದ್ದೇನೆ.

ನಾನಿರುವುದು ಪರೇಲಿನಲ್ಲಿ. ಆಫೀಸು ಹತ್ತಿರದ ಲೋವರ್ ಪರೇಲಿನಲ್ಲಿ, ಹಿಂದೆ ಬಟ್ಟೆ ಗಿರಣಿ ಇದ್ದ ಜಾಗದ ಮೇಲೆದ್ದ ಗಾಜಿನ ಕಟ್ಟಡದಲ್ಲಿ. ಕಿಟಕಿಯಾಚೆ ಕಾಣುವುದು ಕ್ರೇನು, ಕಾಂಕ್ರೀಟು, ನಡುವೆ ಉಳಿದುಕೊಂಡ ಹೆಂಚಿನ ಚಾಳು. ಆದರೆ ನನ್ನ ಕಾಗದದ ಮೇಲೆ ಬರುವುದು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ನಮ್ಮೂರಿನ ಮಾಳಿಗೆ ಮನೆಗಳು. ಎದುರಿಗಿರುವುದನ್ನು ಬಿಟ್ಟು ಆರುನೂರು ಕಿಲೋಮೀಟರಿನಷ್ಟು ದೂರ ಇರುವುದನ್ನು ಯಾಕೆ ಬಿಡಿಸುತ್ತೀಯ ಎಂದು ಗೆಳೆಯರು ಕೇಳುತ್ತಾರೆ. ಎದುರಿಗಿರುವುದನ್ನು ಬಿಡಿಸಲು ಸುಧೀರ್ ಪಟವರ್ಧನ್ ಇದ್ದಾರಲ್ಲ! ಠಾಣೆಯಲ್ಲಿ ದಶಕಗಳ ಕಾಲ ರೇಡಿಯಾಲಜಿಸ್ಟ್ ಆಗಿ ದುಡಿಯುತ್ತಲೇ ಈ ಊರಿನ ದುಡಿಯುವ ಜನರನ್ನು ಚಿತ್ರಿಸಿದವರು. ಅವರ 2001ರ ಚಿತ್ರವೊಂದರ ಹೆಸರೇ ‘ಲೋವರ್ ಪರೇಲ್’. ನೌಕರಿ ಮಾಡುತ್ತಾ ಕುಂಚ ಹಿಡಿದವರಿಗೆ ಅವರ ಹೆಸರು ಕೇಳಿದರೆ ಒಂದಿಷ್ಟು ಧೈರ್ಯ ಬರುತ್ತದೆ.

ಮಣ್ಣಿನ ಮನೆಯೂ ಚಿತ್ರಕ್ಕೆ ವಸ್ತುವಾಗಬಹುದು ಎಂದು ನನಗೆ ತೋರಿಸಿದ್ದು ಅಮೆರಿಕದ ನೈರುತ್ಯದ ಮರುಭೂಮಿ. ನ್ಯೂ ಮೆಕ್ಸಿಕೊ ರಾಜ್ಯದ ಟಾವೋಸ್ ಎಂಬ ಊರಿನ ಸಮೀಪ 1898ರಲ್ಲಿ ಇಬ್ಬರು ಚಿತ್ರಕಾರರ ಬಂಡಿಯ ಗಾಲಿ ಮುರಿಯಿತು. ರಿಪೇರಿಗೆಂದು ಇಳಿದವರು ಆ ಬೆಳಕಿಗೆ ಮರುಳಾದರು. 1915ರಲ್ಲಿ ಅಲ್ಲೊಂದು ಕಲಾವಿದರ ಸಂಘವೇ ಹುಟ್ಟಿತು. 1929ರ ಬೇಸಿಗೆಗೆ ನ್ಯೂಯಾರ್ಕಿನಿಂದ ಜಾರ್ಜಿಯಾ ಓ’ಕೀಫ್ ಬಂದರು. ಮುಂದೆ ಅಬಿಕ್ಯೂ ಎಂಬ ಹಳ್ಳಿಯಲ್ಲಿ ಪಾಳುಬಿದ್ದ ಮಣ್ಣಿನ ಮನೆಯೊಂದನ್ನು 1945ರಲ್ಲಿ ಕೊಂಡು, ಅದರ ಅಂಗಳದ ಗೋಡೆ ಮತ್ತು ಒಂದು ಬಾಗಿಲನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬಿಡಿಸಿದರು. ಒಂದು ಗೋಡೆ, ಒಂದು ಬಾಗಿಲು, ಅಷ್ಟೇ.

ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ಬೆರಗಿಗಿಂತ ಹೆಚ್ಚಾಗಿ ನಗು ಬಂತು. ಇದು ನಮ್ಮ ಕಾಕಾನ ಮನೆಯಲ್ಲವೇ? ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ, ಗೋಡೆಯಾಚೆ ಮೂಗು ಚಾಚಿದ ಜಂತಿಗಳು, ಮಳೆನೀರು ಹೊರಗೆ ಬೀಳಲೆಂದು ಮಾಳಿಗೆಯ ಅಂಚಿನಿಂದ ಹೊರಚಾಚಿದ ಮರದ ದೋಣಿ. ನಾವು ಜಂತಿ ಎನ್ನುವುದನ್ನು ಅವರು ವೀಗಾ ಎನ್ನುತ್ತಾರೆ. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಅಲ್ಲಿ ಅಡೋಬಿ ಎಂದು ಹೆಸರು. ಪದ ಹುಟ್ಟಿದ್ದು ಪ್ರಾಚೀನ ಈಜಿಪ್ಟಿನಲ್ಲಿ. ಅರಬರ ಬಾಯಿಂದ ಸ್ಪೇನಿಗೆ, ಸ್ಪೇನಿನವರ ಹಡಗಿನಲ್ಲಿ ಅಮೆರಿಕಕ್ಕೆ ಹೋಯಿತು. ಕಟ್ಟುವ ವಿದ್ಯೆ ಮಾತ್ರ ಅಲ್ಲಿನ ಮೂಲನಿವಾಸಿಗಳಿಗೆ ಮೊದಲೇ ಗೊತ್ತಿತ್ತು. ಮಳೆ ಕಡಿಮೆ, ಮರ ಕಡಿಮೆ, ಬಿಸಿಲು ಜಾಸ್ತಿ ಇರುವಲ್ಲಿ ಮನುಷ್ಯನ ಕೈ ಎಲ್ಲಿದ್ದರೂ ಇಂಥದೇ ಮನೆ ಕಟ್ಟುತ್ತದೆ.

ಚಿತ್ರ ಬಿಡಿಸುವವನಿಗೆ ಮನೆಯ ಒಳಗಿನ ರಚನೆ ಗೊತ್ತಿರಬೇಕು, ಇಲ್ಲದಿದ್ದರೆ ಗೋಡೆ ರಟ್ಟಿನ ಡಬ್ಬಿಯಂತೆ ಕಾಣುತ್ತದೆ. ನಮ್ಮ ಕಡೆಯ ಮಾಳಿಗೆ ಎಂದರೆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಅದರ ಮೇಲೆ ಒತ್ತೊತ್ತಾಗಿ ಸಣ್ಣ ಕಟ್ಟಿಗೆ, ಮೇಲೆ ಬೇವಿನ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಬೆಳೆ ಬಾರದ ಈ ಉಪ್ಪುಮಣ್ಣನ್ನು ರೈತ ಶಪಿಸುತ್ತಾನೆ. ಆದರೆ ಮಾಳಿಗೆಗೆ ಅದೇ ಬೇಕು. ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆನೀರು ತಾಗಿದಾಗ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದಿರುವುದಕ್ಕೆ ಯಾವುದು ಕಾರಣವೋ ಮನೆ ಸೋರದಿರುವುದಕ್ಕೂ ಅದೇ ಕಾರಣ. ನಮ್ಮ ಆಯಿಗೆ ಸೋಡಿಯಂ ಎಂಬ ಮಾತು ಗೊತ್ತಿರಲಿಲ್ಲ. ಮುಂಗಾರಿಗೆ ಮುಂಚೆ ಯಾವ ಹಳ್ಳದ ದಂಡೆಯಿಂದ ಎಷ್ಟು ಬುಟ್ಟಿ ತರಬೇಕೆಂಬುದು ಗೊತ್ತಿತ್ತು.

ಈ ಸವಳು ಒಣಗಿದಾಗ ಮಾಳಿಗೆಯ ಅಂಚಿನಲ್ಲಿ ಒಂದು ಬಿಳುಪು ಕೂರುತ್ತದೆ. ಕಾಗದದ ಬಿಳಿಯನ್ನು ಅಲ್ಲಿ ತೆಳುವಾಗಿ ಉಳಿಸಿಕೊಂಡರೆ ಮನೆ ಬೀಳಗಿಯದಾಗುತ್ತದೆ, ಉಳಿಸದಿದ್ದರೆ ಎಲ್ಲಿಯದೋ ಆಗುತ್ತದೆ.

ಗೋಡೆಗೆ ನಾನು ಬಳಸುವ ಬಣ್ಣಗಳು ಮೂರೇ: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್. ಕ್ಯಾಮ್ಲಿನ್ ಟ್ಯೂಬೇ ಸಾಕು, ಹೊರದೇಶದ ಬಣ್ಣವೇನೂ ಬೇಡ. ಮೊದಲೆರಡೂ ಮೂಲದಲ್ಲಿ ಕಬ್ಬಿಣದ ಅಂಶವಿರುವ ಮಣ್ಣೇ. ಹಳದಿ ಮಣ್ಣನ್ನು ಸುಟ್ಟರೆ ನೀರಿನ ಅಂಶ ಹೋಗಿ ಕೆಂಪಾಗುತ್ತದೆ. ಬಾದಾಮಿಯ ಬಂಡೆ ಕೆಂಪಾಗಿರುವುದಕ್ಕೂ ಇದೇ ಕಬ್ಬಿಣ ಕಾರಣ, ಕ್ರಿ.ಶ. 578ರ ಶಾಸನವಿರುವ ಅಲ್ಲಿನ ಮೂರನೇ ಗುಹೆಯ ಚಾವಣಿಯಲ್ಲಿ ಮಾಸಿ ಉಳಿದಿರುವ ಚಿತ್ರಗಳಲ್ಲೂ ಆ ಕೆಂಪಿನ ಛಾಯೆ ಕಾಣುತ್ತದೆ. ಅಂದರೆ ಮಣ್ಣಿನ ಗೋಡೆಯನ್ನು ನಾವು ಮಣ್ಣಿನಿಂದಲೇ ಬಿಡಿಸುತ್ತಿರುತ್ತೇವೆ. ಅಲ್ಟ್ರಾಮರೀನ್ ನೀಲಿಯ ಕಣಗಳು ದೊರಗು ಕಾಗದದ ಗುಳಿಗಳಲ್ಲಿ ಕೂರುವುದರಿಂದ ಹೊಟ್ಟು ಬೆರೆಸಿ ಮೆತ್ತಿದ ಗೋಡೆಯ ಒರಟುತನ ತಾನಾಗಿ ಬರುತ್ತದೆ.

ಆದರೆ ಓ’ಕೀಫ್ ಅವರ ಆಕಾಶವನ್ನು ಬೀಳಗಿಗೆ ತರಲಾಗದು. ಟಾವೋಸ್ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ತೆಳುವಾದ ಒಣ ಗಾಳಿ, ಗಾಢ ನೀಲಿ ಆಕಾಶ, ಚಾಕುವಿನಿಂದ ಕೊಯ್ದಂಥ ನೆರಳಿನ ಅಂಚು. ಬಾಗಲಕೋಟೆಯ ಎತ್ತರ ಸುಮಾರು 530 ಮೀಟರ್. ಏಪ್ರಿಲ್ ತಿಂಗಳಲ್ಲಿ ನಮ್ಮ ಆಕಾಶ ನೀಲಿಯಲ್ಲ, ಧೂಳು ತುಂಬಿದ ಮಜ್ಜಿಗೆ. ದೂರದ ಎರೆಹೊಲದ ಕಪ್ಪು ಕೂಡ ಬೂದಿಯಾಗಿ ಕಾಣುತ್ತದೆ, ನೆರಳಿನ ಅಂಚು ಮೆತ್ತಗಿರುತ್ತದೆ. ಅದಕ್ಕೆ ಸರಿಯಾದ ಗುರು ಮುಂಬಯಿಯಲ್ಲೇ ಇದ್ದರು, ಸಾವಳಾರಾಮ್ ಹಳದಣಕರ್. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡದ ಕನ್ನಡಿಗರು ಕಡಿಮೆ. ಅದನ್ನು ರವಿವರ್ಮನದು ಎಂದುಕೊಳ್ಳುವವರೇ ಬಹಳ. ಬರೆದವರು ಹಳದಣಕರ್, ಅದೂ ಜಲವರ್ಣದಲ್ಲಿ. ಅಂಚುಗಳನ್ನು ಎಲ್ಲಿ ಕರಗಿಸಬೇಕು, ಎಲ್ಲಿ ಉಳಿಸಬೇಕು ಎಂಬುದಕ್ಕೆ ಆ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತರೆ ಸಾಕು.

ನಮ್ಮವರೂ ಈ ಊರಿಗೆ ಬಂದಿದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಬಾಳಿನ ಬಹುಭಾಗವನ್ನು ಮುಂಬಯಿಯಲ್ಲೇ ಕಳೆದರು. ಕಲಬುರ್ಗಿಯ ಎಸ್.ಎಂ. ಪಂಡಿತರು ಇಲ್ಲಿ ಸಿನಿಮಾ ಪೋಸ್ಟರುಗಳಿಗೂ ಕ್ಯಾಲೆಂಡರಿನ ದೇವರುಗಳಿಗೂ ಜೀವ ಕೊಟ್ಟರು. ಬಯಲುಸೀಮೆಯಿಂದ ಬಂದವರಲ್ಲಿ ಬಿಟ್ಟುಬಂದ ಮಾಳಿಗೆಯನ್ನೇ ವಸ್ತು ಮಾಡಿಕೊಂಡವರು, ನಾನು ನೋಡಿದ ಮಟ್ಟಿಗೆ, ಕಡಿಮೆ. ಹೊಟ್ಟೆಪಾಡಿಗೆ ದೇವರು, ನಟಿಯರು ಬೇಕಾಗಿದ್ದರು. ಮಣ್ಣಿನ ಗೋಡೆಯನ್ನು ಕೊಳ್ಳುವವರು ಯಾರು?

ಪರೇಲಿನಲ್ಲಿ ಕುಳಿತು ಒಣನಾಡನ್ನು ಬಿಡಿಸುವುದರಲ್ಲಿ ಒಂದು ತಮಾಷೆಯೂ ಇದೆ. ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ ಕುಂಚ ಎಳೆದರೆ ಗೆರೆ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಇಲ್ಲಿ ಜುಲೈನಲ್ಲಿ ಆಕಾಶಕ್ಕೆ ಹಾಕಿದ ತೆಳು ಬಣ್ಣ ಚಹಾ ಕುಡಿದು, ಪೇಪರು ಓದಿ, ಸಂತೆ ಮುಗಿಸಿ ಬಂದರೂ ಹಸಿಯಾಗಿಯೇ ಇರುತ್ತದೆ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಊರಿನಲ್ಲಿ ಪೆನ್ಸಿಲು ಗೆರೆ, ಬಣ್ಣದ ಟಿಪ್ಪಣಿ, ಅಂಗೈಯಗಲದ ಸಣ್ಣ ಚಿತ್ರ. ಮೆಲ್ಲಗೆ ಒಣಗಬೇಕಾದ ದೊಡ್ಡ ಗೋಡೆಗಳು ಪರೇಲಿನ ಮಳೆಗಾಲಕ್ಕೆ.

ಇಲ್ಲಿ ಮಣ್ಣು ನೋಡಬೇಕೆನಿಸಿದರೆ ಗಣೇಶ ಚತುರ್ಥಿಗೆ ಎರಡು ತಿಂಗಳು ಮುಂಚೆ ಪರೇಲ್–ಲಾಲ್‌ಬಾಗ್ ಗಲ್ಲಿಗಳ ಮೂರ್ತಿ ಕಾರ್ಖಾನೆಗಳಿಗೆ ಹೋಗುತ್ತೇನೆ. ಪ್ಲಾಸ್ಟರಿನ ಮೂರ್ತಿಗಳೇ ಹೆಚ್ಚು. ಶಾಡೂ ಮಣ್ಣಿನಲ್ಲಿ ಮಾಡುವವರೂ ಇದ್ದಾರೆ. ಹದವಾದ ಮಣ್ಣಿನ ಮೇಲೆ ಒದ್ದೆ ಬಟ್ಟೆ ಹೊದೆಸಿ, ಒಮ್ಮೆಲೇ ಒಣಗಿ ಸೀಳದಂತೆ ಅವರು ಕಾಯುವುದನ್ನು ನೋಡುವಾಗ ಗೋಡೆ ಮೆತ್ತುವ ಮುಂಚೆ ಕೆಸರಿಗೆ ಹೊಟ್ಟು ಹಾಕಿ ತುಳಿದು ದಿನಗಟ್ಟಲೆ ಕೊಳೆಯಲು ಬಿಡುತ್ತಿದ್ದ ನಮ್ಮೂರ ಹೆಂಗಸರು ನೆನಪಾಗುತ್ತಾರೆ. ಟಾವೋಸಿನ ಕಡೆಯೂ ಗೋಡೆ ಮೆತ್ತುವುದು ಹೆಂಗಸರ ಕೆಲಸವೇ ಆಗಿತ್ತು, ಆ ಕೆಲಸದವರಿಗೆ ಅಲ್ಲಿ ಬೇರೆಯೇ ಹೆಸರಿದೆ. ಮಣ್ಣಿನ ಮನೆ ಎಷ್ಟು ಚೆಂದ ಎಂದು ಹೇಳುವವರು ಪ್ರತಿ ಬೇಸಿಗೆ ಬುಟ್ಟಿ ಹೊತ್ತವರನ್ನು ಕೇಳಿ ಮಾತಾಡಬೇಕು. ಕಾಕೂ ನನ್ನ ಚಿತ್ರ ನೋಡಿ ಒಂದೇ ಮಾತು ಹೇಳಿದ್ದಳು: “ಚಿತ್ರದಾಗ ಚೊಲೋ ಕಾಣ್ತದ ತಮ್ಮಾ. ನನಗ ಮಾತ್ರ ಸ್ಲ್ಯಾಬಿನ ಮನಿ ಕಟ್ಟಿಸಿಕೊಡ್ರಿ.”

ಆಕೆಯದು ತಪ್ಪಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದಾಗ ಮಣ್ಣಿನ ಗೋಡೆಗಳು ನೆನೆದು ಕುಸಿದದ್ದನ್ನು ಎಲ್ಲರೂ ನೋಡಿದ್ದಾರೆ. ಹಾಗೆಂದು ಮಣ್ಣಿಗೆ ಸಿಮೆಂಟು ಬಳಿದರೆ ಗಟ್ಟಿಯಾಗುತ್ತದೆ ಎಂಬುದೂ ಸುಳ್ಳು. ಟಾವೋಸಿನ ಪಕ್ಕದ ರಾಂಚೋಸ್ ಚರ್ಚು ಓ’ಕೀಫ್ ಬಿಡಿಸಿ ಜಗತ್ತಿಗೆಲ್ಲ ಪರಿಚಯವಾದ ಮಣ್ಣಿನ ಕಟ್ಟಡ. ವರ್ಷವರ್ಷ ಮೆತ್ತುವ ರಗಳೆ ಬೇಡವೆಂದು 1967ರಲ್ಲಿ ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿದರು. ಬಿರುಕಿನಲ್ಲಿ ಇಳಿದ ನೀರು ಆವಿಯಾಗಿ ಹೊರಹೋಗಲು ದಾರಿಯಿಲ್ಲದೆ ಒಳಗಿನ ಇಟ್ಟಿಗೆ ಕರಗತೊಡಗಿತು. 1979ರಲ್ಲಿ ಸಿಮೆಂಟನ್ನೆಲ್ಲ ಕಿತ್ತು ಮತ್ತೆ ಮಣ್ಣಿಗೆ ಮರಳಿದರು. ಇಂದಿಗೂ ಊರವರೇ ಸೇರಿ ವರ್ಷಕ್ಕೊಮ್ಮೆ ಮೆತ್ತುತ್ತಾರೆ. ನಮ್ಮೂರಿನಲ್ಲೂ ಸಿಮೆಂಟು ಬಳಿದ ಮಣ್ಣಿನ ಗೋಡೆಗಳ ಬುಡ ಉಬ್ಬಿ ಹಪ್ಪಳದಂತೆ ಏಳುತ್ತಿರುವುದನ್ನು ನಾನು ಮೂರು ಚಿತ್ರಗಳಲ್ಲಿ ಬಿಡಿಸಿದ್ದೇನೆ. ಅವುಗಳನ್ನು ಯಾರೂ ಇಷ್ಟಪಡುವುದಿಲ್ಲ.

ಆದರೆ ನಮ್ಮ ಮನೆಯ ಪ್ರಶ್ನೆ ಮಣ್ಣೋ ಸ್ಲ್ಯಾಬೋ ಎಂಬಲ್ಲಿಗೆ ನಿಲ್ಲುವುದಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ನಡುವಿನ ನಾಲ್ಕೂವರೆ ಮೀಟರಿನಷ್ಟು ಅಂತರದಲ್ಲಿ ಹೊಲ, ಊರು, ಬಾಗಲಕೋಟೆ ಪಟ್ಟಣದ ಒಂದು ಭಾಗ ಎಲ್ಲ ಬರುತ್ತವೆ. ನಮ್ಮ ಕಾಕಾನ ಮನೆಯೂ. ನೀರು ಬೇಕಾದ ಹೊಲಗಳು ಕೆಳಗೆ ಬಹಳ ಇವೆ, ನಾನದನ್ನು ಅಲ್ಲಗಳೆಯಲಾರೆ. ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋದವರು ಬದುಕಿಲ್ಲವೇ ಎಂದು ಕಾಕಾನೇ ಕೇಳುತ್ತಾನೆ. ಆದರೆ ವರ್ಷಗಳಿಂದ ಇವತ್ತು ಬಿಡು, ನಾಳೆ ಬಿಡು ಎನ್ನುವ ಊರಿನಲ್ಲಿ ಮಾಳಿಗೆಗೆ ಸವಳು ಹಾಕುವ ಉಮೇದು ಯಾರಿಗಿರುತ್ತದೆ? ನೀರು ಬರುವ ಮುಂಚೆಯೇ ಮನೆಗಳು ಸೋರುತ್ತಿವೆ.

ಕಳೆದ ಬೇಸಿಗೆಯಲ್ಲಿ ಹೋದಾಗ ಮನೆಯ ಪಂಚನಾಮೆಯ ಹಾಳೆಯೊಂದನ್ನು ಕಾಕಾ ತೋರಿಸಿದ. ಮೊದಲ ಸಾಲಿನಲ್ಲೇ ‘ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಹಳೆಯದು’ ಎಂದು ಬರೆದು ಮುಗಿಸಿದ್ದರು. ಸಾಗವಾನಿ ಕಂಬ, ಕೆತ್ತನೆಯ ಬೋದಿಗೆ, ಎರಡು ಬೆಳಕಿಂಡಿ, ಹಿತ್ತಿಲ ಕಡೆಯ ಎರಡು ಅಂಕಣ ಯಾವುದೂ ಅದರಲ್ಲಿಲ್ಲ. ಅವನು ನನ್ನ ಸ್ಕೆಚ್ ಪುಸ್ತಕ ತಿರುವಿಹಾಕುತ್ತಾ ಕೇಳಿದ: “ಇದರಾಗ ಅಂಕಣ ಎಷ್ಟು ಅಂತ ಎಣಸಾಕ ಬರ್ತದೇನೋ?” ಬರುತ್ತಿರಲಿಲ್ಲ. ನಾನು ಬಿಡಿಸಿದ್ದೆಲ್ಲ ಹೊರಗೋಡೆ, ಬೆಳಕು, ನೆರಳು. “ಹಂಗಾರ ಒಳಗ ಕುಂತು ಬರಿ. ಕಂಬ ಎಣಸಿ ಬರಿ. ತಕರಾರು ಅರ್ಜಿಗೆ ಹಚ್ಚತೀನಿ.”

ಎರಡು ದಿನ ಟೇಪು ಹಿಡಿದು ಅಳೆದೆವು. ಪಡಸಾಲೆ ನಾಲ್ಕು ಅಂಕಣ, ನಡುಮನೆ ನಾಲ್ಕು, ಹಿತ್ತಿಲ ಕಡೆ ಎರಡು. ಒಟ್ಟು ಹತ್ತು. ಗೋಡೆಯ ದಪ್ಪ ಬಾಗಿಲ ಬಳಿ ಎರಡೂಕಾಲು ಅಡಿ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಗೋದಲಿಯ ಮೇಲೆ ಶುರುವಾಗಿ ಮಧ್ಯಾಹ್ನ ನಡುಕಂಬದ ಬುಡಕ್ಕೆ ಬರುವುದನ್ನು ಮೊದಲ ಸಲ ಗಮನಿಸಿದೆ. ನೆಲ ಸಾರಿಸಿದ್ದರಿಂದ ಆ ಬಿಲ್ಲೆಯ ಬೆಳಕು ಪುಟಿದು ಜಂತಿಗಳ ಕೆಳಮೈ ಹಸಿರುಮಿಶ್ರಿತ ಹಳದಿಯಾಗಿ ಕಾಣುತ್ತದೆ. ಕಾಕಾನಿಗೆ ಬೇಕಾದದ್ದು ಕಂಬಗಳ ಲೆಕ್ಕ; ಅದರ ನಕ್ಷೆಯನ್ನು ಕೂಡಲೇ ಕೊಟ್ಟು ಬಂದೆ. ಅರ್ಜಿಗೆ ಹಚ್ಚಿದ್ದಾನೆ. ವಿಚಾರಣೆಯ ದಿನ ಇನ್ನೂ ಬಂದಿಲ್ಲ.

ಆ ಒಳಮನೆಯ ಚಿತ್ರ ಈಗ ಪರೇಲಿನ ನನ್ನ ಮೇಜಿನ ಮೇಲಿದೆ. ಹೊರಗೆ ಮಳೆ, ಕಾಗದ ಒಣಗುತ್ತಿಲ್ಲ. ಹತ್ತು ಅಂಕಣಗಳಲ್ಲಿ ಆರು ಮುಗಿದಿವೆ.