ಸ್ಪ್ಯಾನಿಷ್ ಭಾಷೆಯಲ್ಲಿ ‘ಆಗಲಿ’ ಎನ್ನುವ ಬಗೆ

‘ಮಗ ಬಂದಾಗ ಊಟ ಮಾಡುತ್ತೇವೆ’ ಎಂದು ತಾಯಿಯೊಬ್ಬಳು ಹೇಳಿದರೆ ನೀವು ಏನೆಂದು ತಿಳಿಯುವಿರಿ? ಮಗ ದಿನವೂ ಬರುವವನೆ? ಇಲ್ಲವೆ, ಇನ್ನೂ ಬಾರದವನ ಹಾದಿಯನ್ನು ಆಕೆ ಕಾಯುತ್ತಿರುವಳೆ? ಕನ್ನಡದಲ್ಲಿ ಇದನ್ನು ಸಂದರ್ಭದಿಂದ ಊಹಿಸಬೇಕು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗಲ್ಲ. ‘ಕ್ವಾಂದೊ ಯೇಗಾ ಮಿ ಈಹೊ’ ಎಂದರೆ ‘ಮಗ ಬಂದಾಗಲೆಲ್ಲ’, ‘ಕ್ವಾಂದೊ ಯೇಗೆ ಮಿ ಈಹೊ’ ಎಂದರೆ ‘ಮಗ ಬಂದಮೇಲೆ’, ಅವನಿನ್ನೂ ಬಂದಿಲ್ಲ. ಒಂದೇ ಒಂದು ಸ್ವರ ತಾಯಿಯ ಮನಸ್ಸನ್ನು ತಿಳಿಸಿಬಿಡುತ್ತದೆ.

ನಡೆಯುವ ಸಂಗತಿಯನ್ನು ಬಿಟ್ಟು, ಬಯಕೆ, ಸಂಶಯ, ನಿರೀಕ್ಷೆಗಳನ್ನು ಹೇಳುವ ರೂಪವಿದು. ಶಾಲೆಯಲ್ಲಿ ಕಲಿತ ವಿಧ್ಯರ್ಥಕ ‘ಬರಲಿ’, ಸಂಭಾವನಾರ್ಥಕ ‘ಬಂದಾನು’ ನಿಮಗೆ ನೆನಪಿರಬಹುದು. ನಾವು ಎರಡು ರೂಪಗಳಿಗೆ ಹಂಚಿಕೊಟ್ಟ ಕೆಲಸವನ್ನು ಸ್ಪ್ಯಾನಿಷ್ ಒಂದರಿಂದಲೇ ಮಾಡಿಸುತ್ತದೆ.

ರೂಪವನ್ನು ಸಾಧಿಸುವುದು ಕಷ್ಟವಲ್ಲ. ನಿಯಮಬದ್ಧ ಕ್ರಿಯಾಪದಗಳು ಮೂರು ಬಗೆ: ‘ಆರ್’, ‘ಏರ್’, ‘ಈರ್’ ಎಂದು ಕೊನೆಗೊಳ್ಳುವುವು. ‘ನಾನು ಮಾತಾಡುತ್ತೇನೆ’ ಎಂಬುದು ‘ಆಬ್ಲೊ’. ಕೊನೆಯ ‘ಒ’ಕಾರವನ್ನು ತೆಗೆಯಿರಿ. ‘ಆರ್’ ಗುಂಪಿಗೆ ‘ಎ’ಕಾರವನ್ನೂ ಉಳಿದೆರಡು ಗುಂಪುಗಳಿಗೆ ‘ಆ’ಕಾರವನ್ನೂ ಸೇರಿಸಿ. ಆಬ್ಲಾರ್ (ಮಾತಾಡು) ‘ಆಬ್ಲೆ’ ಆಗುತ್ತದೆ. ಕೊಮೇರ್ (ತಿನ್ನು) ‘ಕೋಮಾ’. ಬಿಬೀರ್ (ಬಾಳು) ‘ಬೀಬಾ’. ಎರಡು ಮನೆಯವರು ಸ್ವರವನ್ನು ಅದಲುಬದಲು ಮಾಡಿಕೊಂಡಂತೆ! ಪುರುಷ, ವಚನಗಳಿಗೆ ತಕ್ಕಂತೆ ರೂಪಗಳು ಹೀಗೆ: ನಾನು ಆಬ್ಲೆ, ನೀನು ಆಬ್ಲೆಸ್, ಅವನು ಆಬ್ಲೆ, ನಾವು ಆಬ್ಲೇಮೊಸ್, ನೀವು ಆಬ್ಲೆಯ್ಸ್, ಅವರು ಆಬ್ಲೆನ್. ‘ನಾನು’, ‘ಅವನು’ಗಳಿಗೆ ಒಂದೇ ರೂಪವೆಂಬುದನ್ನು ಗಮನಿಸಿ.

ಇನ್ನು ಬಳಕೆ. ‘ಕಿಯೇರೊ ಕೆ ಆಬ್ಲೆಸ್’ ಎಂದರೆ ‘ನೀನು ಮಾತಾಡಬೇಕೆಂಬುದು ನನ್ನ ಆಸೆ’. ಆಸೆಪಡುವವನೂ ಮಾತಾಡುವವನೂ ಬೇರೆಯಾದ್ದರಿಂದ ಈ ರೂಪ. ಇಬ್ಬರೂ ಒಬ್ಬರೇ ಆದರೆ ‘ಕಿಯೇರೊ ಆಬ್ಲಾರ್’ ಎಂದರೆ ಸಾಕು. ‘ಸೆ ಕೆ ಬೀಬೆ ಎನ್ ಮದ್ರಿದ್’, ಅಂದರೆ ‘ಅವನು ಮದ್ರಿದ್‌ನಲ್ಲಿ ವಾಸಿಸುತ್ತಾನೆಂದು ಬಲ್ಲೆ’. ಬಲ್ಲುದರಲ್ಲಿ ಸಂಶಯವಿಲ್ಲ, ಆದ್ದರಿಂದ ಸಾಮಾನ್ಯ ರೂಪ. ‘ದೂದೊ ಕೆ ಬೀಬಾ’ ಎಂದರೆ ‘ವಾಸಿಸುತ್ತಾನೆಯೋ ಇಲ್ಲವೋ, ನನಗೆ ಅನುಮಾನ’. ‘ಮಾತಾಡಬೇಡ’ ಎನ್ನಲೂ ಇದೇ ರೂಪ: ‘ನೊ ಆಬ್ಲೆಸ್’.

‘ಓಹಲಾ’ ಎಂಬ ಸೊಗಸಾದ ಮಾತೊಂದುಂಟು. ‘ದೇವರು ಮನಸ್ಸು ಮಾಡಿದರೆ’ ಎಂಬರ್ಥದ ಅರಬ್ಬಿ ನುಡಿಯಿಂದ ಬಂದದ್ದು; 711ರಲ್ಲಿ ಸ್ಪೇನಿಗೆ ಕಾಲಿಟ್ಟ ಮುಸ್ಲಿಮರ ಆಳ್ವಿಕೆಯ ನೆನಪು. ಅದರ ಬೆನ್ನಿಗೆ ಯಾವಾಗಲೂ ಈ ವರ್ಗದ ರೂಪವೇ: ‘ಓಹಲಾ ಯೇಗೆ’, ಅವನು ಬಂದರೆ ಸಾಕಪ್ಪ!

ಕಾಗದದ ಮೇಲೆ ಇದು ಒಂದಕ್ಷರದ ಭೇದ. ರೇಡಿಯೋಗೆ ಪಳಗಿದ ನಿಮ್ಮ ಕಿವಿಗೆ ಅದನ್ನು ಹಿಡಿಯುವುದು ಸುಲಭ. ‘ಯೇಗಾ’, ‘ಯೇಗೆ’: ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮೊದಲನೆಯದರಲ್ಲಿ ಮಗ ಬರುತ್ತಿರುತ್ತಾನೆ. ಎರಡನೆಯದರಲ್ಲಿ ತಾಯಿ ಇನ್ನೂ ಕಾಯುತ್ತಿದ್ದಾಳೆ.