ನಿಮಗಿದು ಗೊತ್ತೇ? ಫೋನಿನೊಳಗಿನ ಶೋಕೇಸ್

2020ರ ಡಿಸೆಂಬರ್‌ನಲ್ಲಿ ಶುರುವಾದ ‘ವೀವಿ’ ಆ್ಯಪ್‌ನಲ್ಲಿ ಮಾರ್ವೆಲ್, ಡಿಸ್ನಿಯಂಥ ಕಂಪನಿಗಳ ಪರವಾನಗಿ ಇರುವ ಮೂರು ಆಯಾಮದ ಡಿಜಿಟಲ್ ಬೊಂಬೆಗಳು ಸಿಗುತ್ತವೆ. ಅವನ್ನು ಜೋಡಿಸಿಡಲು ಆ್ಯಪ್‌ನಲ್ಲೇ ಶೋರೂಮು ಕಟ್ಟಿಕೊಳ್ಳಬಹುದು. ಕ್ಯಾಮೆರಾ ಹಿಡಿದರೆ ಸ್ಪೈಡರ್‌ಮ್ಯಾನ್ ನಿಮ್ಮ ಊಟದ ಮೇಜಿನ ಮೇಲೇ ನಿಂತಂತೆ ಫೋಟೊ ಬರುತ್ತದೆ. ಧೂಳು ಒರೆಸುವ ಕೆಲಸವಂತೂ ಇಲ್ಲ.

ಒಂದೇ ಬೊಂಬೆ, ಒಂದೇ ಬಣ್ಣ, ಆದರೂ ಬೆಲೆ ಬೇರೆ ಬೇರೆ! ಕಾರಣ, ಪ್ರತಿಯ ಕ್ರಮಸಂಖ್ಯೆ. 1ನೇ ಪ್ರತಿಗೆ ಎಲ್ಲಿಲ್ಲದ ಗಿರಾಕಿ. ಬಾಸ್ಕೆಟ್‌ಬಾಲ್ ಆಟದ ವಿಡಿಯೊ ತುಣುಕುಗಳನ್ನು ಮಾರುವ ‘ಎನ್‌ಬಿಎ ಟಾಪ್ ಶಾಟ್’ನಲ್ಲಿ ಆಟಗಾರನ ಜೆರ್ಸಿ ಸಂಖ್ಯೆಗೆ ಹೊಂದುವ ಪ್ರತಿಯೂ ದುಬಾರಿ. ಆರ್‌ಟಿಒದಲ್ಲಿ ಫ್ಯಾನ್ಸಿ ನಂಬರ್‌ಗೆ ಹರಾಜು ಕೂಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೆಬ್ರಾನ್ ಜೇಮ್ಸ್ ಡಂಕ್ ಮಾಡುವ ಒಂದು ಪುಟ್ಟ ವಿಡಿಯೊ ತುಣುಕು 2021ರ ಫೆಬ್ರುವರಿಯಲ್ಲಿ 2,08,000 ಡಾಲರ್‌ಗೆ ಹೋಯಿತು.

ಬ್ಲಾಕ್‌ಚೈನ್ ಎಂಬ ಡಿಜಿಟಲ್ ಲೆಕ್ಕಪುಸ್ತಕದಲ್ಲಿ ಮಾಲೀಕತ್ವ ದಾಖಲಾಗುವ ಇಂಥ ವಸ್ತುಗಳಿಗೆ ಎನ್‌ಎಫ್‌ಟಿ ಎಂದು ಹೆಸರು. ಹೀಗೆಯೇ ಟ್ವಿಟರ್ ಸಹಸ್ಥಾಪಕ ಜಾಕ್ ಡಾರ್ಸಿಯ ಮೊದಲ ಟ್ವೀಟ್ ಮಾರಾಟವಾಗಿದ್ದು 29 ಲಕ್ಷ ಡಾಲರ್‌ಗೆ. ಕೊಂಡವರು ಮರುವರ್ಷ 4.8 ಕೋಟಿ ಡಾಲರ್ ಆಸೆಯಿಂದ ಹರಾಜಿಗಿಟ್ಟರು. ಬಂದ ದೊಡ್ಡ ಬಿಡ್ಡು 300 ಡಾಲರನ್ನೂ ಮುಟ್ಟಲಿಲ್ಲ.

ದುಡ್ಡು ಕೊಟ್ಟ ಮಾತ್ರಕ್ಕೆ ಸ್ಪೈಡರ್‌ಮ್ಯಾನ್ ನಿಮ್ಮವನಾಗುವುದಿಲ್ಲ. ಅವನನ್ನು ಟೀಶರ್ಟಿಗೆ ಅಚ್ಚು ಹಾಕಿಸಿ ಮಾರಲು ಹೋದರೆ ಮಾರ್ವೆಲ್ ವಕೀಲರ ನೋಟಿಸ್ ಬರಬಹುದು. ಹಕ್ಕುಸ್ವಾಮ್ಯ ಅವರ ಬಳಿಯೇ, ನಿಮ್ಮ ಕೈಲಿರುವುದು ಬರೀ ಅನುಮತಿ. ಹೀಗಿದ್ದೂ ಬಟನ್ ಮೇಲೆ ‘ಬೈ’ ಎಂದು ಬರೆಯುವುದು ಮೋಸವಲ್ಲವೇ? ಕ್ಯಾಲಿಫೋರ್ನಿಯಾ ಸರ್ಕಾರಕ್ಕೂ ಹಾಗೇ ಅನಿಸಿರಬೇಕು. ಗೇಮ್, ಸಿನಿಮಾ, ಇ-ಪುಸ್ತಕ ಮಾರುವ ಆನ್‌ಲೈನ್ ಅಂಗಡಿಗಳು ‘ಇದು ಪರವಾನಗಿ ಮಾತ್ರ’ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಅಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಇನ್ನು ಪರವಾನಗಿ ಇಲ್ಲದೆ ಮಾರಿದರೆ? ಹರ್ಮೆಸ್ ಕಂಪನಿಯ ‘ಬರ್ಕಿನ್’ ಬ್ಯಾಗಿಗೆ ತುಪ್ಪಳ ಹೊದಿಸಿದಂತೆ ಚಿತ್ರ ಮಾಡಿ ಎನ್‌ಎಫ್‌ಟಿಯಾಗಿ ಮಾರಿದ ಅಮೆರಿಕದ ಕಲಾವಿದ, 1,33,000 ಡಾಲರ್ ಪರಿಹಾರ ಕೊಡಬೇಕೆಂದು ನ್ಯೂಯಾರ್ಕಿನ ಜ್ಯೂರಿ 2023ರಲ್ಲಿ ಹೇಳಿತು.

ಅದೇ ವರ್ಷ ನಮ್ಮಲ್ಲಿ ಆದದ್ದು ಉಲ್ಟಾ. ‘ರಾರಿಯೊ’ ಎಂಬ ಸಂಸ್ಥೆ ಕ್ರಿಕೆಟಿಗರಿಂದ ಹಕ್ಕು ಪಡೆದು ಡಿಜಿಟಲ್ ಕಾರ್ಡ್ ಮಾರುತ್ತಿತ್ತು. ಬೆಂಗಳೂರು ಮೂಲದ ಗೇಮಿಂಗ್ ಕಂಪನಿ ಎಂಪಿಎಲ್ ಬಳಗದ ‘ಸ್ಟ್ರೈಕರ್’ ಅಂಥ ಹಕ್ಕಿಲ್ಲದೆ, ಆಟಗಾರರ ಹೆಸರು, ರನ್ನು-ವಿಕೆಟ್ಟಿನ ಲೆಕ್ಕ ಮತ್ತು ಕೈಯಲ್ಲಿ ಬರೆದಂಥ ಚಿತ್ರ ಇಟ್ಟು ಕಾರ್ಡ್ ಮಾಡಿತು. ರಾರಿಯೊ ಜೊತೆ ಮೊಹಮ್ಮದ್ ಸಿರಾಜ್, ಹರ್ಷಲ್ ಪಟೇಲ್ ಮುಂತಾದವರೂ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಈ ಮಾಹಿತಿಯೆಲ್ಲ ಸಾರ್ವಜನಿಕವಾಗಿ ಲಭ್ಯವಿರುವುದೇ ಎಂದ ಕೋರ್ಟು ಏಪ್ರಿಲ್‌ನಲ್ಲಿ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ದುಡ್ಡು ಕೊಟ್ಟು ಹಕ್ಕು ಪಡೆದವರ ಹೊಟ್ಟೆ ಉರಿಯದೆ ಇದ್ದೀತೇ!

ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವುದು ಸಾಮಾನ್ಯವಾಗಿ ಮಾಲೀಕತ್ವದ ಲೆಕ್ಕ ಮಾತ್ರ, ಚಿತ್ರ ಎಷ್ಟೋ ಸಲ ಬೇರೆಲ್ಲೋ ಸರ್ವರ್‌ನಲ್ಲಿರುತ್ತದೆ. ಆಗ ನೈಕಿ ಒಡೆತನದಲ್ಲಿದ್ದ ಆರ್‌ಟಿಎಫ್‌ಕೆಟಿ ಕಂಪನಿಯ ‘ಕ್ಲೋನ್ ಎಕ್ಸ್’ ಪಾತ್ರಗಳು 2025ರ ಏಪ್ರಿಲ್‌ನಲ್ಲಿ ಒಮ್ಮೆಲೇ ಮಾಯವಾದವು. ಮುಖ ಇರಬೇಕಾದ ಕಡೆ, ಸರ್ವರ್ ಸೇವೆಯ ನಿಯಮ ಮೀರಿದ್ದರಿಂದ ನಿರ್ಬಂಧಿಸಲಾಗಿದೆ ಎಂಬ ಒಣ ಸೂಚನೆ! ಕೆಲವರು ಸಾವಿರಾರು ಡಾಲರ್ ಸುರಿದಿದ್ದ ಮುಖಗಳು ಅವು. ಆಮೇಲೆ ಚಿತ್ರಗಳು ವಾಪಸು ಬಂದವು ಅನ್ನಿ. 2022ರಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿ ದಿವಾಳಿ ಎದ್ದಾಗಲೂ ಅಲ್ಲಿ ಸೃಷ್ಟಿಯಾದ ಅನೇಕ ಎನ್‌ಎಫ್‌ಟಿಗಳ ಚಿತ್ರದ ಜಾಗ ಖಾಲಿಯಾಗಿತ್ತು.

ಡಿಜಿಟಲ್ ಕೋಣೆ ಸಿಂಗರಿಸುವ ಹುಚ್ಚು ಹೊಸದೇನಲ್ಲ. ಫಿನ್ಲೆಂಡಿನ ‘ಹ್ಯಾಬೊ ಹೋಟೆಲ್’ನಲ್ಲಿ ಹುಡುಗರು ನಿಜವಾದ ದುಡ್ಡು ಕೊಟ್ಟು ಕುರ್ಚಿ, ಸೋಫಾ ಕೊಳ್ಳುತ್ತಿದ್ದರು. ಅಂಥ 4,000 ಯೂರೊ ಬೆಲೆಯ ಪೀಠೋಪಕರಣ ಕದ್ದನೆಂದು 2007ರಲ್ಲಿ 17 ವರ್ಷದ ಡಚ್ ಹುಡುಗನನ್ನು ಪೊಲೀಸರು ಬಂಧಿಸಿದರು. ‘ರೂನ್‌ಸ್ಕೇಪ್’ ಗೇಮಿನ ತಾಯಿತ ಮತ್ತು ಮುಖವಾಡವನ್ನು ಬೇರೊಬ್ಬ ಹುಡುಗನಿಂದ ಹೊಡೆದು ಬೆದರಿಸಿ ಕಿತ್ತುಕೊಂಡ ಪ್ರಕರಣದಲ್ಲಿ, ಅದೂ ಕಳ್ಳತನವೇ ಎಂದು ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪಿತ್ತಿತು. ಅವನ್ನು ಆಡಿ ಗಳಿಸಲು ಆ ಹುಡುಗ ಪಟ್ಟ ಶ್ರಮ, ಕಳೆದ ಸಮಯ ಅವಕ್ಕೆ ಬೆಲೆ ತಂದಿವೆ ಎಂಬುದು ಕೋರ್ಟಿನ ವಾದ.

ಕೋಣೆಯಷ್ಟೇ ಅಲ್ಲ, ಸಂಗ್ರಹಾಲಯವೂ ಡಿಜಿಟಲ್ ಆಗಬಲ್ಲದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ‘ಮ್ಯಾಪ್’ ಕಲಾ ಸಂಗ್ರಹಾಲಯ ಮೊದಲು ಬಾಗಿಲು ತೆರೆದದ್ದು ಆನ್‌ಲೈನ್‌ನಲ್ಲೇ, 2020ರ ಡಿಸೆಂಬರ್‌ನಲ್ಲಿ. ಇಟ್ಟಿಗೆ-ಗಾರೆಯ ಕಟ್ಟಡಕ್ಕೆ ಜನ ಕಾಲಿಟ್ಟದ್ದು 2023ರಲ್ಲಿ.

ಮತ್ತೆ ದುಡ್ಡಿನ ಮಾತಿಗೆ ಬಂದರೆ, ಎನ್‌ಎಫ್‌ಟಿ ಮಾರಿ ಬಂದ ಲಾಭಕ್ಕೆ ನಮ್ಮ ದೇಶದಲ್ಲಿ 30% ತೆರಿಗೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡುವಂತೆಯೂ ಇಲ್ಲ.